ನಿವಾಸಿ ಅಂದ್ರೆ ಯಾರು?



ಊರು ಮಿತಿಮೀರಿ ಬೆಳೀತು, ಟ್ರಾಫಿಕ್ ತಡೆಯೋಕಾಗ್ತಿಲ್ಲ, ಮನೆ ಗೇಟಿಗೆ ಅಡ್ಡ ಯಾರದೋ ಕಾರು ನಿಲ್ತದೆ, ಮಧ್ಯರಾತ್ರಿವರೆಗೂ ಪಬ್ಬುಗಳ ಗಲಾಟೆ ಅಂತ ಇಂದಿರಾನಗರದ ನಿವಾಸಿಗಳು ವರ್ಷಗಳಿಂದ ದೂರು ಹೇಳ್ತಾ ಬಂದಿದ್ದಾರೆ. ಆ ದೂರು ಸುಳ್ಳಲ್ಲ. ಬಿನ್ನಮಂಗಲ, ದೊಮ್ಮಲೂರು, ಕೋಡಿಹಳ್ಳಿಗಳ ನಡುವೆ ಎದ್ದ ಬಡಾವಣೆ ಅದು. ಸಂಸಾರಗಳು ಇರಲಿ ಅಂತ ಮಾಡಿದ ಅಡ್ಡರಸ್ತೆಗಳೊಳಗೆ ಅಂಗಡಿ, ಹೋಟೆಲು, ಆಫೀಸು ನುಗ್ಗಿದವು. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನ್ ಆ ನುಗ್ಗಾಟಕ್ಕೆ ಬಾಗಿಲನ್ನ ಇನ್ನಷ್ಟು ಅಗಲ ಮಾಡ್ತು. ಲಾಭ ತಗೊಂಡೋರು ಯಾರೋ, ಹೊಗೆ ಕುಡಿಯೋರು ಇನ್ಯಾರೋ.

ಆದ್ರೆ ನಾವು ಒಂದು ಪ್ರಶ್ನೆ ಕೇಳಬೇಕಾಗಿದೆ. ಈ 'ನಿವಾಸಿ' ಅನ್ನೋ ಪದದೊಳಗೆ ಯಾರ್ಯಾರು ಬರ್ತಾರೆ?

ಇಂದಿರಾನಗರದ ಪಕ್ಕದಲ್ಲೇ ಮರ್ಫಿ ಟೌನ್ ಇದೆ. ಬ್ರಿಟಿಷರ ಕಾಲದಲ್ಲಿ ಕಂಟೋನ್ಮೆಂಟಿನ ಬಡ ಕೂಲಿಗಳಿಗೆ ಅಂತ ಕಟ್ಟಿದ್ದು. ಇಂದಿರಾನಗರ ಅನ್ನೋ ಹೆಸರು ಹುಟ್ಟೋಕೆ ಎಷ್ಟೋ ಮೊದಲಿಂದ ಅಲ್ಲಿ ಜನ ಇದ್ದಾರೆ. ಅದರಾಚೆ ಹಲಸೂರು, ಜೋಗುಪಾಳ್ಯ. ನೂರಡಿ ರಸ್ತೆ ಗುಡಿಸೋರು, ಮನೆಗಳಲ್ಲಿ ಮುಸುರೆ ತಿಕ್ಕೋರು, ಹೋಟೆಲಿನ ಅಡುಗೆಮನೆಯಲ್ಲಿ ಬೇಯೋರು, ರಾತ್ರಿ ಗೇಟು ಕಾಯೋರು ಇಂಥ ಕೇರಿಗಳಿಂದ ಬರೋ ಜನ. ಅವರೂ ನಿವಾಸಿಗಳೇ. ಬಡಾವಣೆಯ ಸಭೆಗೆ ಅವರನ್ನ ಕರೆದೋರು ಎಷ್ಟು ಜನ? ಕರೆದಿದ್ರೆ ಟ್ರಾಫಿಕ್ಕಿನ ಇನ್ನೊಂದು ಕತೆ ಕೇಳಿಸ್ತಿತ್ತು. ಕಾರು ಮುಂದಕ್ಕೆ ಹೋಗ್ತಿಲ್ಲ ಅನ್ನೋದು ಒಬ್ಬರ ಸಂಕಟ. ಕಾಲಿಡೋಕೆ ಫುಟ್‌ಪಾತ್ ಇಲ್ಲ, ರಸ್ತೆ ದಾಟೋಕೆ ಆಗಲ್ಲ, ಬಸ್ಸು ಬರಲ್ಲ ಅನ್ನೋದು ಇನ್ನೊಬ್ಬರ ಸಂಕಟ. ಕೆ.ಆರ್. ಪುರದ ತೂಗುಸೇತುವೆ 2003ರಲ್ಲೇ ಬಂತು. ಟಿನ್ ಫ್ಯಾಕ್ಟರಿ ಹತ್ರ ಬಸ್ಸು ಕಾಯೋರು ಆಮೇಲೂ ಲಾರಿಗಳ ಮಗ್ಗುಲಲ್ಲೇ ನಿಂತರು.

ಹಳ್ಳಿಯಲ್ಲಿ ಊರು ಬೇರೆ, ಕೇರಿ ಬೇರೆ. ಆ ಹಳ್ಳಿಯನ್ನ ಹಾಡಿ ಹೊಗಳೋರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಜವಾಬು ಕೊಟ್ರು. ಅವರ ಮಾತು ನಂಬಿ ನಮ್ಮ ಅಪ್ಪ ಅಮ್ಮಂದಿರು ಪಟ್ಟಣ ಸೇರಿದರು. ಇಲ್ಲಿ ಊರಿಗೆ ಲೇಔಟ್ ಅಂತ ಹೆಸರು, ಕೇರಿಗೆ ಸ್ಲಂ ಅಂತ ಹೆಸರು. ಲೇಔಟಿನ ಅಭಿವೃದ್ಧಿಗೆ ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳೋದು ಸ್ಲಮ್ಮೇ.

ಈಜಿಪುರವನ್ನ ಮರೆಯಬಾರದು. ಇಂದಿರಾನಗರದಿಂದ ದೊಮ್ಮಲೂರು ದಾಟಿ ದಕ್ಷಿಣಕ್ಕೆ ಹೋದ್ರೆ ಸಿಗುತ್ತೆ. ಬಡವರಿಗೆ ಅಂತ ನಗರಪಾಲಿಕೆ ಅಲ್ಲಿ ಕ್ವಾರ್ಟರ್ಸ್ ಕಟ್ಟಿತ್ತು. ಕಳಪೆ ಕೆಲಸ, ಕಟ್ಟಡಗಳು ಕುಸಿದವು. ಜನ ತಗಡಿನ ಶೆಡ್ಡುಗಳಿಗೆ ಬಂದ್ರು. ಅಷ್ಟರಲ್ಲಿ ಆ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಒಂದು ಪಾಲಿನಲ್ಲಿ ಮನೆ, ಇನ್ನೊಂದು ಪಾಲಿನಲ್ಲಿ ಮಾಲ್ ಅಂತ ಖಾಸಗಿ ಕಂಪನಿ ಜೊತೆ ಪಾಲಿಕೆ ಒಪ್ಪಂದ ಮಾಡಿಕೊಳ್ತು. 2013ರ ಜನವರಿಯಲ್ಲಿ ಪೊಲೀಸ್ ಕಾವಲಿಟ್ಟು ಬುಲ್‌ಡೋಜರ್ ಬಿಟ್ಟರು. ಸುಮಾರು 1,500 ಕುಟುಂಬ ಬೀದಿಗೆ ಬಿತ್ತು. ಹೆಚ್ಚಿನವರು ದಲಿತರು, ಮುಸಲ್ಮಾನರು. ಮಕ್ಕಳ ಪರೀಕ್ಷೆಗೆ ಉಳಿದಿದ್ದು ಎರಡೇ ತಿಂಗಳು. ಪುಸ್ತಕ ಇಟ್ಟುಕೊಂಡು ಓದೋಕೆ ಒಂದು ಮೂಲೆಯೂ ಇಲ್ಲದ ಹಾಗೆ ಮಾಡಿದರು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿ ಓದೋ ನಮಗೆ ಇದರ ಅರ್ಥವನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಾಗಿ ಮೂರು ವರ್ಷಕ್ಕೆ ಇನ್ನೊಂದು ಹೋರಾಟ ನಡೀತು. ಬಸವೇಶ್ವರ ಸರ್ಕಲ್ಲಿನಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ ಸರ್ಕಾರ ಹೊರಟಿತ್ತು. ನೂರಾರು ಮರ ಹೋಗ್ತವೆ ಅಂತ 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಡ್ತು. ಒಳ್ಳೇದಾಯ್ತು, ಮರ ಉಳೀತು. ಅಂದ್ರೆ ಈ ಊರಿಗೆ ಸರ್ಕಾರದ ಕೈ ಹಿಡಿದು ನಿಲ್ಲಿಸೋದು ಗೊತ್ತಿದೆ. ಈಜಿಪುರದಲ್ಲಿ ಕೆಲವು ವಿದ್ಯಾರ್ಥಿಗಳು, ಕೆಲವು ಸಂಘಟನೆಯವರು ಜನರ ಜೊತೆ ನಿಂತಿದ್ದರು. ಊರು ನಿಂತಿರಲಿಲ್ಲ. ಮರಕ್ಕೆ ಸಿಕ್ಕ ಕೈಗಳು ಮನುಷ್ಯರಿಗೆ ಯಾಕೆ ಸಿಗಲಿಲ್ಲ?

ಇವತ್ತಿಗೂ ಟ್ರಾಫಿಕ್ಕಿಗೆ ಮದ್ದು ಅಂದ್ರೆ ಇನ್ನೊಂದು ಸೇತುವೆ, ಇನ್ನೊಂದು ಸುರಂಗ ಅಂತಲೇ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ 16 ಕಿಲೋಮೀಟರ್ ಮೀರಿದ ರಸ್ತೆಯ ಯೋಜನೆಗೆ ಹಾಕಿದ ಅಂದಾಜು 17 ಸಾವಿರ ಕೋಟಿ ರೂಪಾಯಿಯನ್ನೂ ಮೀರಿದೆ. ಟೋಲ್ ಕಟ್ಟಿ ಕಾರಿನಲ್ಲಿ ಹೋಗೋರಿಗೆ ಅದು ದಾರಿ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ರಸ್ತೆ ಅಗಲ ಮಾಡಿದಷ್ಟೂ ಕಾರು ಹೆಚ್ಚಾಗ್ತವೆ. ಕಾರು ಹೆಚ್ಚಾದಷ್ಟೂ ರಸ್ತೆಗೆ ನೆಲ ಬೇಕು. ಆ ನೆಲವನ್ನ ಬಂಗಲೆ ಒಡೆದು ತಗೊಂಡಿದ್ದನ್ನ ನೀವು ಎಷ್ಟು ಸಲ ನೋಡಿದ್ದೀರಿ?

ಆದ್ದರಿಂದ ಮೂರು ಒತ್ತಾಯ. ದುಡ್ಡು ಮೊದಲು ಫುಟ್‌ಪಾತಿಗೆ ಮತ್ತು ಬಸ್ಸಿಗೆ. ಇದ್ದ ಜಾಗದಲ್ಲೋ ಹತ್ತಿರದಲ್ಲೋ ಮನೆ ಕೊಡದೆ ಒಂದು ಗುಡಿಸಲನ್ನೂ ಮುಟ್ಟಬಾರದು. ವಾರ್ಡ್ ಕಮಿಟಿಗಳಲ್ಲಿ ಕೇರಿಯವರು ಕೂರಬೇಕು, ಮಾತಾಡಬೇಕು.

ಬರೀ ಕೂಗಿದ್ರೆ ಸಾಲದು, ಓದಿದೋರಿಗೆ ಓದಿದೋರ ಕೆಲಸ ಇದೆ. 1973ರ ಕೊಳಗೇರಿ ಕಾಯ್ದೆ ಪ್ರಕಾರ ನಿಮ್ಮ ಹತ್ತಿರದ ಕೇರಿ ಘೋಷಿತ ಪಟ್ಟಿಯಲ್ಲಿದೆಯಾ? ಇಲ್ಲ ಅಂದ್ರೆ ಯಾಕಿಲ್ಲ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. 2020ರಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಊರನ್ನ ಅಧಿಕಾರಿಗಳೇ ಆಳಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಹೊಸ ಗಡಿಯಲ್ಲಿ ನಿಮ್ಮ ಹಾಸ್ಟೆಲು, ಕೇರಿ ಯಾವ ವಾರ್ಡಿಗೆ ಸೇರಿದೆ ಅಂತ ತಿಳ್ಕೊಳ್ಳಿ. ಭಾನುವಾರ ಕೇರಿಗೆ ಹೋಗಿ, ಹಿರಿಯರ ಜೊತೆ, ಅಕ್ಕಂದಿರ ಜೊತೆ ಕೂತು ಎಷ್ಟು ಮನೆ, ಎಷ್ಟು ವರ್ಷದಿಂದ, ಯಾರ ಹತ್ರ ಯಾವ ಕಾಗದ ಇದೆ ಅಂತ ಬರೆದಿಡಿ. ಬುಲ್‌ಡೋಜರ್ ಬಂದ ದಿನ ಹುಡುಕಿದ್ರೆ ಕಾಗದ ಸಿಗಲ್ಲ.

ಇಂದಿರಾನಗರದ ನಿವಾಸಿಗಳು ಟ್ರಾಫಿಕ್ ವಿರುದ್ಧ ಬೀದಿಗೆ ಇಳಿದ್ರೆ ನಾವೂ ಬರ್ತೀವಿ. ನಮ್ಮ ಹೆಸರನ್ನೂ ನಿವಾಸಿಗಳ ಪಟ್ಟಿಯಲ್ಲಿ ಬರೆದುಕೊಂಡು ಕರೀಲಿ.

ಜೈ ಭೀಮ್.