ಕಂಬ ಹತ್ತುವ ಕೆಲಸವೆಂದು ಹೀಗಳೆಯುವ ಮುನ್ನ

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೋ ಇಲ್ಲವೋ. ಅದು ಸಿಗದಿದ್ದರೆ ಅದರ ಹೆಸರು ಬಾಲದಲ್ಲಾದರೂ ಇರುವ ಇನ್ನೊಂದು ವಿಭಾಗ. ಅದೂ ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್. ಎಲೆಕ್ಟ್ರಿಕಲ್ ಎಂಬುದು ಪಟ್ಟಿಯ ಕೆಳತುದಿಯಲ್ಲಿ, ಏನೂ ಸಿಗದವರಿಗೆ ಎಂಬಂತೆ ಕುಳಿತಿರುತ್ತದೆ. ನಾನು ಮಣಿಪಾಲದ ಬದಿಯಲ್ಲಿ ನೆಲೆಸಿರುವುದರಿಂದ ಪ್ರತಿ ವರ್ಷ ಈ ದಿನಗಳಲ್ಲಿ ಧಾರವಾಡ, ಬಾಗಲಕೋಟೆ ಕಡೆಯ ಬಂಧುಗಳು ಫೋನ್ ಮಾಡುತ್ತಾರೆ. ಕರಾವಳಿಯ ಕಾಲೇಜುಗಳು ಹೇಗೆ, ಹಾಸ್ಟೆಲ್ ಹೇಗೆ ಎಂದು ವಿಚಾರಿಸುತ್ತಾರೆ. ಮಾತಿನ ಕೊನೆಗೆ ಬರುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ಹುಡುಗಗ ಎಲೆಕ್ಟ್ರಿಕಲ್ ಸಿಗತೈತ್ರಿ, ನಾವ ಬ್ಯಾಡ ಅಂತೀವಿ. ಎಂಜಿನಿಯರ್ ಓದಿ ಕಂಬಾ ಹತ್ತಬೇಕೇನ್ರಿ?"

ಕಂಬ ಹತ್ತಿದರೆ ತಪ್ಪೇನು ಎಂದು ನಾನು ಕೇಳಿದರೆ ಆಚೆ ಬದಿಯಲ್ಲಿ ಮೌನ.

ಈ ಮೌನದ ಬಗ್ಗೆ ನಾವು ಯೋಚಿಸಬೇಕು. ಮಡಿವಾಳ ಮಾಚಿದೇವರು ಬಟ್ಟೆ ಒಗೆದವರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು, ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದವರು. ಅವರ ಜಯಂತಿಗಳಲ್ಲಿ ವೇದಿಕೆಯ ಮೇಲೆ ನಿಂತು ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಭಾಷಣ ಮಾಡುವ ನಾವೇ ಮನೆಗೆ ಬಂದು ಓದಿನ ವಿಭಾಗಗಳಿಗೆ ಜಾತಿಯಂತೆ ಏಣಿ ಕಟ್ಟುತ್ತೇವೆ. ಕುರ್ಚಿಯಲ್ಲಿ ಕೂತು ಪರದೆ ನೋಡುವ ಕೆಲಸ ಮೇಲು, ಕೈಗೆ ಎಣ್ಣೆ ಮಸಿ ಹತ್ತುವ ಕೆಲಸ ಕೀಳು. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಳ್ಳುವವರೂ ಇದ್ದಾರೆ. ಆ ಹುಡುಗನಿಗೆ ಕೋಡ್ ಬರೆಯುವ ಒಲವಿದೆಯೇ ಎಂದು ಯಾರೂ ಕೇಳಿರುವುದಿಲ್ಲ. ಒಲವಿದ್ದು ಓದುವವರ ಬಗ್ಗೆ ನನ್ನ ತಕರಾರಿಲ್ಲ.

ನಮ್ಮ ಹಿರಿಯರು ಹೀಗೆ ಯೋಚಿಸಿದವರಲ್ಲ. ಕೆಎಲ್‌ಇ ಸಂಸ್ಥೆ ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು ತೆರೆದದ್ದು 1947ರಲ್ಲಿ. ಕಲಬುರಗಿಯ ಪಿಡಿಎ ಕಾಲೇಜು 1958ರದ್ದು. ಬಾಗಲಕೋಟೆಯ ಬಸವೇಶ್ವರ, ತುಮಕೂರಿನ ಸಿದ್ಧಗಂಗಾ, ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜುಗಳು ಮೂರೂ 1963ರಲ್ಲಿ ಹುಟ್ಟಿದವು. ಅದು ಶರಾವತಿ ಯೋಜನೆ ಕಟ್ಟುತ್ತಿದ್ದ ಕಾಲ. ರಾಜ್ಯದ ವಿದ್ಯುತ್ ಮಂಡಳಿ ಸ್ಥಾಪನೆಯಾದದ್ದು 1957ರಲ್ಲಿ, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಎಂಜಿನಿಯರಿಂಗ್ ಕಾಲೇಜು ಆರಂಭಿಸಿದ ಅದೇ ವರ್ಷ. ನಾಡಿಗೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರು ಬೇಕಾಗಿದ್ದರು. ಮಠಗಳೂ ಸಂಘಗಳೂ ಜೋಳಿಗೆ ಹಿಡಿದು ಆ ಕೊರತೆ ತುಂಬಿದವು. ಪ್ರಸಾದ ನಿಲಯದಲ್ಲಿ ಉಂಡು ಓದಿದ ಎಷ್ಟೋ ಮಂದಿ ಕೆಇಬಿ ಸೇರಿ ಊರೂರಿಗೆ ದೀಪ ತಂದರು. ಅವರ ಮೊಮ್ಮಕ್ಕಳಿಗೆ ಈಗ ಅದು "ಕಂಬದ ಕೆಲಸ".

ಹಾಗಾದರೆ ಎಲೆಕ್ಟ್ರಿಕಲ್ ಓದು ಎಂದರೇನು ಎಂದು ಫೋನಿನಲ್ಲಿ ವಿವರಿಸುವುದು ಕಷ್ಟ. ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು: ಮಗನನ್ನೋ ಮಗಳನ್ನೋ ಕರೆದುಕೊಂಡು ಎರಡು ದಿನ ಉಡುಪಿ ಜಿಲ್ಲೆಗೆ ಬನ್ನಿ, ಇಡೀ ಪಠ್ಯಪುಸ್ತಕ ಇಲ್ಲಿ ನೆಲದ ಮೇಲೆ ಹರಡಿದೆ. ಘಟ್ಟದ ಬುಡದಲ್ಲಿ, ಕುಂದಾಪುರ ತಾಲ್ಲೂಕಿನ ಹೊಸಂಗಡಿಯಲ್ಲಿ ವಾರಾಹಿಯ ಭೂಗತ ವಿದ್ಯುದಾಗಾರವಿದೆ. 115 ಮೆಗಾವ್ಯಾಟ್‌ನ ನಾಲ್ಕು ಯಂತ್ರಗಳು, ಒಟ್ಟು 460 ಮೆಗಾವ್ಯಾಟ್. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲು ಉರಿಸುವ 1,200 ಮೆಗಾವ್ಯಾಟ್‌ನ ಸ್ಥಾವರವಿದೆ. ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆ ಬಂತು. ಕಾರ್ಕಳ ತಾಲ್ಲೂಕಿನ ಕೇಮಾರಿನಲ್ಲಿ 220 ಕೆ.ವಿ. ಉಪಕೇಂದ್ರ. ಇವುಗಳ ನಡುವೆಯೇ ಮಣಿಪಾಲ ಮತ್ತು ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳು. ಸ್ಥಾವರಗಳ ಒಳಗೆ ಹೋಗಲು ಅನುಮತಿ ಬೇಕು. ಅದು ಸಿಗದಿದ್ದರೂ ತಂತಿ ಹೋಗುವ ದಾರಿಯನ್ನು ರಸ್ತೆಯಿಂದಲೇ ನೋಡಬಹುದು.

ಎಲ್ಲೂರಿನಿಂದ ಒಂದು ಮಾರ್ಗ 400 ಕೆ.ವಿ.ಯಲ್ಲಿ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಹೋಗುತ್ತದೆ. ನಮ್ಮೂರಿನ ಕಂಬದ ಮೇಲೆ 11 ಕೆ.ವಿ. ಇದ್ದರೆ ಅಲ್ಲೇಕೆ 400? ಪಿಯುಸಿ ಗಣಿತ ಸಾಕು. 1,200 ಮೆಗಾವ್ಯಾಟನ್ನು 400 ಕೆ.ವಿ.ಯಲ್ಲಿ ಸಾಗಿಸಲು ಸುಮಾರು 1,730 ಆಂಪಿಯರ್ ಬೇಕು. ಅದನ್ನೇ 11 ಕೆ.ವಿ.ಯಲ್ಲಿ ಸಾಗಿಸಲು ಹೊರಟರೆ 63,000 ಆಂಪಿಯರ್. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಹತ್ತರಲ್ಲೊಂದು ಪಾಲಾದರೆ ಅದೇ ತಂತಿಯಲ್ಲಿ ನಷ್ಟ ನೂರರಲ್ಲೊಂದು ಪಾಲು. ಒಬ್ಬ ಹುಡುಗಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ತಲೆ ಎತ್ತಿ ಆ ಗೋಪುರವನ್ನು ನೋಡಿದಳೆಂದರೆ ಅವಳಿಗೆ ಪವರ್ ಸಿಸ್ಟಮ್ಸ್ ಎಂಬ ವಿಷಯ ಅರ್ಧ ಒಲಿದಂತೆ.

ಇದೇ ಗೋಪುರದ ಕೆಳಗೆ ಇನ್ನೊಂದು ಪಾಠವೂ ಇದೆ, ಅದನ್ನು ತರಗತಿಯಲ್ಲಿ ಕಡಿಮೆ ಕಲಿಸುತ್ತಾರೆ. 400 ಕೆ.ವಿ. ಮಾರ್ಗಕ್ಕೆ 46 ಮೀಟರ್ ಅಗಲದ ಜಾಗ ಬೇಕು, ಅದರೊಳಗೆ ಅಡಿಕೆ, ತೆಂಗು ಬೆಳೆಯುವಂತಿಲ್ಲ. ಎಲ್ಲೂರಿನಿಂದ ಕಾಸರಗೋಡಿಗೆ ಹೊಸ ಮಾರ್ಗ ಎಳೆಯಲು ಹೊರಟಾಗ ತೋಟದವರು ಎದ್ದು ನಿಂತದ್ದು ಇದಕ್ಕೇ. ಸ್ಥಾವರದ ಬೂದಿ, ಉಪ್ಪುನೀರಿನ ಬಗ್ಗೆ ಸುತ್ತಲ ಹಳ್ಳಿಗಳು ವರ್ಷಗಟ್ಟಲೆ ದೂರಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಕಂಪನಿಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಹೊಲದ ಬದುವಿನ ಮೇಲೆ ಬೆಳೆದ ಮಕ್ಕಳು ಈ ವಿದ್ಯೆ ಕಲಿಯಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಮಾರ್ಗ ಎಲ್ಲಿ ಹೋಗಬೇಕು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ಒಂದು ತೆಂಗಿನ ಮರ ಫಲ ಬಿಡಲು ಎಷ್ಟು ವರ್ಷ ಬೇಕೆಂದು ಗೊತ್ತಿರಬೇಕು.

ಬಯಲುಸೀಮೆಯ ರೈತನ ಮಗನಿಗೆ ಈ ಓದು ದೂರದ್ದೇನಲ್ಲ. ಮೂರು ಫೇಸ್‌ನಲ್ಲಿ ಒಂದು ಹೋದರೆ ಬೋರಿನ ಮೋಟಾರ್ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ, ರಿವೈಂಡಿಂಗ್‌ಗೆ ಸಾವಿರಾರು ರೂಪಾಯಿ ಹೋಗುತ್ತದೆ ಎಂದು ಅವನು ಚಿಕ್ಕವನಿದ್ದಾಗಿನಿಂದ ಕಂಡಿದ್ದಾನೆ. ಎರಡನೇ ವರ್ಷದ ಎಲೆಕ್ಟ್ರಿಕಲ್ ಮೆಷೀನ್ಸ್ ಪಾಠದಲ್ಲಿ ಅದರ ಕಾರಣ ಸಿಗುತ್ತದೆ: ಒಂದು ಫೇಸ್ ಕಡಿದಾಗ ಅದೇ ಭಾರ ಹೊರಲು ಉಳಿದೆರಡು ಫೇಸ್‌ಗಳು ಮಿತಿಮೀರಿದ ಕರೆಂಟು ಎಳೆಯುತ್ತವೆ, ಸುರುಳಿಯ ಹೊದಿಕೆ ಕರಗುತ್ತದೆ. ರಾತ್ರಿ ಪಾಳಿಯಲ್ಲಿ ಅಪ್ಪನ ಜೊತೆ ಟಾರ್ಚ್ ಹಿಡಿದು ನೀರು ಹಾಯಿಸಲು ಹೋದವನಿಗೆ ಈ ಪಾಠ ಬೇಗ ಅರ್ಥವಾಗುತ್ತದೆ. ಪಟ್ಟಣದ ಹುಡುಗ ಅದನ್ನು ಬಾಯಿಪಾಠ ಮಾಡಬೇಕು.

ಇನ್ನೂ ಒಂದು ಮಾತು. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ವಿದ್ಯುತ್ ಬರುತ್ತಿದೆ. ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಗದಗ, ಕೊಪ್ಪಳ, ವಿಜಯಪುರದ ಹೊಲಗಳಲ್ಲಿ ಗಾಳಿಯಂತ್ರ ತಿರುಗುತ್ತಿವೆ. ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಸೌರ ವಿದ್ಯುತ್ ಇಳಿಯುತ್ತದೆ. ಮನೆಗಳಲ್ಲಿ ದೀಪ, ಮಿಕ್ಸಿ, ಟಿ.ವಿ. ಶುರುವಾಗುವುದೂ ಅದೇ ಹೊತ್ತಿಗೆ. ಕಲ್ಲಿದ್ದಲಿನ ಸ್ಥಾವರವನ್ನು ತಣ್ಣಗಿನಿಂದ ಎಬ್ಬಿಸಲು ಗಂಟೆಗಟ್ಟಲೆ ಬೇಕು, ವಾರಾಹಿಯಂಥ ಜಲವಿದ್ಯುತ್ ಕೆಲವೇ ನಿಮಿಷಗಳಲ್ಲಿ ಏಳುತ್ತದೆ. ಇವನ್ನೆಲ್ಲ ಕ್ಷಣಕ್ಷಣಕ್ಕೂ ಹೊಂದಿಸುವುದು, ಬ್ಯಾಟರಿ ಸೇರಿಸುವುದು, ಬಸ್ಸು ಕಾರು ಚಾರ್ಜಿಗೆ ನಿಂತಾಗ ಟ್ರಾನ್ಸ್‌ಫಾರ್ಮರ್ ಸುಡದಂತೆ ನೋಡುವುದು ಮುಂದಿನ ಮೂವತ್ತು ವರ್ಷಗಳ ಕೆಲಸ. ನಮ್ಮ ಹೊಲದಲ್ಲಿ ಯಂತ್ರ ನಿಲ್ಲಿಸಿ ಬಾಡಿಗೆ ಎಣಿಸುವುದಷ್ಟೇ ನಮ್ಮ ಪಾಲಾಗಬೇಕೇ?

ಕಹಿ ಸತ್ಯಗಳನ್ನೂ ಹೇಳಿಬಿಡಬೇಕು. ಮೊದಲ ಸಂಬಳ ಸಾಫ್ಟ್‌ವೇರ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಕೆಪಿಟಿಸಿಎಲ್ ನೇಮಕಾತಿ ವರ್ಷ ವರ್ಷ ಆಗುವುದಿಲ್ಲ. ಪವರ್‌ಗ್ರಿಡ್, ಎನ್‌ಟಿಪಿಸಿಗೆ ಹೋಗಲು ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕು. ಗಣಿತ ಬಿಗಿಯಾಗಿದೆ, ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಎಡವಿದವನು ಮುಂದಿನ ಆರು ಸೆಮಿಸ್ಟರ್ ಕುಂಟುತ್ತಾನೆ. ಮಣಿಪಾಲದಂಥ ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ಸಾಮಾನ್ಯ ರೈತನಿಗೆ ನಿಲುಕುವಂಥದ್ದಲ್ಲ. ಅದಕ್ಕಾಗಿ ಹೊಲ ಮಾರಬೇಡಿ, ಸಿಇಟಿ ಮೂಲಕ ಸಿಗುವ ಸೀಟು ಹುಬ್ಬಳ್ಳಿಯದ್ದಾಗಲಿ ಬಾಗಲಕೋಟೆಯದ್ದಾಗಲಿ ಸಾಕು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಯಂತ್ರ ಮುಟ್ಟಿ ಬಂದ ಆ ಮಕ್ಕಳೇ ಲ್ಯಾಬಿನಲ್ಲಿ ಮುಂದಿರುವುದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಎಂಜಿನಿಯರಿಂಗ್ ಓದಲು 2021ರಲ್ಲಿ ಅವಕಾಶ ತೆರೆದಾಗ ಬಂದವರು ಬೆರಳೆಣಿಕೆಯಷ್ಟು ಮಂದಿ. ಪುಸ್ತಕಗಳಿಲ್ಲದೆ ಬರಿಯ ಅನುಮತಿಯಿಂದ ಭಾಷೆ ಬೆಳೆಯುವುದಿಲ್ಲ, ಆ ಮಾತು ಇನ್ನೊಮ್ಮೆ.

ಹೆಣ್ಣುಮಕ್ಕಳ ವಿಷಯ ಬಂದರೆ "ಕಂಬ"ದ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಮದ್ರಾಸಿನ ಎ. ಲಲಿತಾ ಅವರಿಗೆ ಹದಿನೈದನೇ ವಯಸ್ಸಿನಲ್ಲಿ ಮದುವೆಯಾಯಿತು, ಹದಿನೆಂಟರಲ್ಲಿ ಗಂಡ ತೀರಿಕೊಂಡರು, ಮಡಿಲಲ್ಲಿ ನಾಲ್ಕು ತಿಂಗಳ ಮಗು. ಆಕೆ ಗಿಂಡಿಯ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1943ರಲ್ಲಿ ಮುಗಿಸಿದರು, ಮುಂದೆ ವಿದ್ಯುತ್ ಮಾರ್ಗಗಳ ವಿನ್ಯಾಸ ಮಾಡಿದರು. ಕನ್ನಡನಾಡಿನ ಮೊದಲ ಮಹಿಳಾ ಎಂಜಿನಿಯರ್ ಎನಿಸಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕಿಯಾಗಿದ್ದರು. ಎಂಬತ್ತು ವರ್ಷಗಳ ಹಿಂದೆ ಆದದ್ದು ಇಂದು ನಮ್ಮ ಮನೆಯ ಹುಡುಗಿಗೆ ಆಗದು ಎಂದರೆ ತೊಡಕಿರುವುದು ಹುಡುಗಿಯಲ್ಲಿ ಅಲ್ಲ.

ಮಠಗಳಿಗೆ, ಪೂಜ್ಯರಿಗೆ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನ ಕೊಡುವಾಗ ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್‌ನಂಥ ವಿಭಾಗಗಳಿಗೆ ಸ್ವಲ್ಪ ಪಾಲು ಮೀಸಲಿಡಿ. ಇನ್ನೊಂದಕ್ಕೆ ಹಣವೂ ಬೇಡ. ನಿಮ್ಮ ಕಾಲೇಜಿನ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳನ್ನು ಅಧ್ಯಾಪಕರ ಜೊತೆ ಮಠದ ಪ್ರಸಾದ ನಿಲಯಕ್ಕೇ ಕರೆಸಿ. ಸಾವಿರ ಜನಕ್ಕೆ ಅಡುಗೆಯಾಗುವ ದಾಸೋಹ ಮನೆಯಲ್ಲಿ ರುಬ್ಬುವ ಯಂತ್ರ, ನೀರಿನ ಪಂಪು, ಬಾಯ್ಲರ್, ಜನರೇಟರ್ ಎಲ್ಲ ಇವೆ. ನೆಲ ಸದಾ ಒದ್ದೆ, ಕೆಲಸ ಮಾಡುವವರ ಕಾಲಲ್ಲಿ ಚಪ್ಪಲಿಯಿಲ್ಲ. ಅರ್ಥಿಂಗ್ ಗುಂಡಿಗೆ ಕೊನೆಯ ಬಾರಿ ನೀರು ಹಾಕಿದ್ದು ಯಾವಾಗ? ಕರಾವಳಿಯ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಭೂಮಿಗೆ ಇಳಿಯಗೊಡುವುದಿಲ್ಲ. ನಮ್ಮ ಕಡೆಯ ಕರಿಮಣ್ಣು ತೇವವಿದ್ದಾಗ ಒಳ್ಳೆಯದು, ಬಿರುಕು ಬಿಟ್ಟಾಗ ಅದೂ ಕೈಕೊಡುತ್ತದೆ. ಮಕ್ಕಳು ಮೀಟರ್ ಹಿಡಿದು ಅಳೆಯಲಿ, ಯಂತ್ರಗಳ ಪಟ್ಟಿ ಬರೆಯಲಿ, ಕಿತ್ತುಹೋದ ವೈರು ಗುರುತಿಸಲಿ. ರಿಪೇರಿಯನ್ನು ಪರವಾನಗಿ ಇರುವವರೇ ಮಾಡಲಿ.

ಅಲ್ಲಿ ಎಂಸಿಬಿ ಇದೆ, ಭಯವಿಲ್ಲ ಎನ್ನುವವರು ಸಿಗುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನದು ಬೀಳುವ ಹೊತ್ತಿಗೆ ಅದರ ಎಷ್ಟೋ ನೂರನೇ ಒಂದು ಪಾಲು ಕರೆಂಟು ಮುಟ್ಟಿದವರ ಜೀವ ತೆಗೆದಿರುತ್ತದೆ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಬೇಕು. ದಾಸೋಹ ಮನೆಯ ಬೋರ್ಡಿನಲ್ಲಿ ಅದಿದೆಯೇ, ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಈ ಶ್ರಾವಣದ ಪ್ರವಚನ ಶುರುವಾಗಿ ಪ್ರಸಾದಕ್ಕೆ ಜನ ಸೇರುವ ಮೊದಲೇ ನೋಡಿಸಿ.