ಸಂಚಿ ಹೊತ್ತ ಕೈ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವಾಗ ಹೊಲಗಳಲ್ಲಿ ಬಾಗಿ ಚೆಂಡುಹೂ ಬಿಡಿಸುವ ಹೆಂಗಸರನ್ನು ಕಂಡರೆ, ಅದೇ ಸೀಮೆಯ ಯಳಂದೂರಿನ ಹೊನ್ನಮ್ಮನ ನೆನಪಾಗುತ್ತದೆ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹೊರುವುದು ಆಕೆಯ ಊಳಿಗ. ಅದರಿಂದಲೇ ಸಂಚಿಯ ಹೊನ್ನಮ್ಮನೆಂಬ ಹೆಸರು. ಕೈ ಪರರ ಅಧೀನವಾಗಿದ್ದರೂ ಕಿವಿ ತನ್ನದೇ ಆಗಿತ್ತು. ಆಸ್ಥಾನದ ಪಂಡಿತರಿಂದ ವಿದ್ಯೆ ಕಲಿತ ಆಕೆ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು.

ಹೆಸರೇ ಹೇಳುವಂತೆ ಅದು ಪತಿವ್ರತೆಯ ನಡತೆಯನ್ನು ಬೋಧಿಸುವ ಗ್ರಂಥ. ಇಂದಿನ ಮನಸ್ಸಿಗೆ ಒಗ್ಗದ ಮಾತುಗಳೂ ಅದರಲ್ಲಿ ಉಂಟು. ಆದರೆ ಆ ಬೋಧೆಯ ನಡುವೆಯೇ, ತಾಯಿಯೂ ಹೆಣ್ಣೆಂಬುದನ್ನು ಮರೆತು ಹೆಣ್ಣನ್ನು ಕೀಳಾಗಿ ಕಾಣುವವರ ಅವಿವೇಕವನ್ನು ಆಕೆ ಅಳುಕದೆ ಎತ್ತಿ ತೋರಿದಳು. ದೊರೆಯ ಊಳಿಗದಲ್ಲಿದ್ದವಳಿಗೆ ಆ ಧೈರ್ಯವನ್ನು ಕೊಟ್ಟದ್ದು ಕಲಿತ ಅಕ್ಷರ, ತನ್ನ ಬಾಳನ್ನು ತಾನೇ ನೋಡಿ ಪಡೆದ ಅರಿವು.

ಮೊನ್ನೆ ಈ ಕಾವ್ಯವನ್ನು ಓದುತ್ತ ಕುಳಿತಿದ್ದೆ. ಮಗ ಮಗಳು ಇಬ್ಬರೂ ಎದುರಿಗೇ ಪಾಠ ಓದುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಥಟ್ಟನೆ ಮಗಳನ್ನೇ ಕೂಗಿದೆ. ಆಕೆ ಮಾತಿಲ್ಲದೆ ಪುಸ್ತಕ ಮಡಿಸಿ ಎದ್ದಳು. ನಾಚಿಕೆಯಾಯಿತು.

ಸೋದರಿಯರೇ, ಸ್ವಾತಂತ್ರ್ಯವನ್ನು ಕುರಿತು ದೊಡ್ಡ ಮಾತುಗಳನ್ನು ಎಷ್ಟೋ ಕೇಳಿದ್ದೇವೆ. ಸಂಚಿ ಹೊತ್ತವಳಿಗೂ ಅರಮನೆಯಲ್ಲಿ ಕಲಿಯುವ ಎಡೆ ದೊರೆಯಿತು. ನಮ್ಮ ಮನೆಯಲ್ಲಿ, ನಮ್ಮ ಮಗಳಿಗೆ, ಹಿಡಿದ ಪುಸ್ತಕವನ್ನು ಮುಗಿಸುವಷ್ಟು ಹೊತ್ತನ್ನಾದರೂ ನಾವು ಕೊಡಬಾರದೆ? ಹಾಲನ್ನು ಇಳಿಸಲು ಮಗನಿಗೂ ಕೈಗಳಿವೆ.