ಪತ್ರಕರ್ತನ ನಿಷ್ಪಕ್ಷಪಾತ ಮತ್ತು ನಮ್ಮ ತಕ್ಕಡಿ

ರಾಜಕೀಯ ಪತ್ರಕರ್ತನೊಬ್ಬನನ್ನು ನಾವು ನಿಷ್ಪಕ್ಷಪಾತಿ ಎಂದು ಕೊಂಡಾಡುವುದು ಸಾಮಾನ್ಯವಾಗಿ ಆತ ನಮ್ಮ ಪರವಾಗಿ ಬರೆದಾಗಲೇ. ಅದೇ ಲೇಖನಿ ನಮ್ಮತ್ತ ತಿರುಗಿದ ದಿನ ಆತ ಮಾರಿಕೊಂಡವನಾಗಿಬಿಡುತ್ತಾನೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸಿದ್ದಾಪುರದಂತಹ ಊರುಗಳ ಚಹಾದಂಗಡಿಯಲ್ಲಾಗಲಿ, ಮಸೀದಿಯ ಅಂಗಳದಲ್ಲಾಗಲಿ ನಡೆಯುವ ಮಾತುಕತೆ ಇದಕ್ಕಿಂತ ಭಿನ್ನವಾಗಿಲ್ಲ. ಈ ಅಳತೆಗೋಲು ಎಷ್ಟು ಸರಿಯೆಂಬುದನ್ನು ಪಿ. ಲಂಕೇಶರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ನೋಡಬಯಸುತ್ತೇವೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಜನಿಸಿದ ಲಂಕೇಶರು ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಆ ಕೆಲಸವನ್ನು ತೊರೆದು 1980ರಲ್ಲಿ 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಪತ್ರಿಕೆ ಜಾಹೀರಾತು ಪಡೆಯಲಿಲ್ಲ. ಓದುಗರು ಕೊಟ್ಟ ಹಣವೇ ಅದಕ್ಕೆ ಆಧಾರ. ಇದು ಸಣ್ಣ ಸಂಗತಿಯಲ್ಲ. ಸರ್ಕಾರದ ಜಾಹೀರಾತು ನಿಂತರೆ ಮುಂದಿನ ತಿಂಗಳ ಸಂಬಳ ಕೊಡುವುದು ಹೇಗೆಂದು ಚಿಂತಿಸುವ ಸಂಪಾದಕನಿಂದ ಮುಖ್ಯಮಂತ್ರಿಯ ಟೀಕೆಯನ್ನು ನಿರೀಕ್ಷಿಸುವುದಾದರೂ ಹೇಗೆ? ಗುಂಡೂರಾವ್ ಸರ್ಕಾರವನ್ನು ಬಿಡದೆ ಕಾಡಿದ ಪತ್ರಿಕೆ, 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರನ್ನೂ ಬಿಡಲಿಲ್ಲ.

ಹಾಗೆಂದು ಲಂಕೇಶರಿಗೆ ಪಕ್ಷವೇ ಇರಲಿಲ್ಲವೆನ್ನಲಾಗದು. ಇಷ್ಟಾನಿಷ್ಟಗಳನ್ನು ಅವರು ಮುಚ್ಚಿಡಲಿಲ್ಲ. ಮುಂದೆ 'ಪ್ರಗತಿರಂಗ' ಎಂಬ ರಾಜಕೀಯ ಪಕ್ಷವನ್ನೇ ಕಟ್ಟಹೊರಟರು, ಅದು ಫಲಿಸಲಿಲ್ಲ. ಸಂಪಾದಕನೇ ಕಣಕ್ಕಿಳಿದ ಮೇಲೆ ಆತನ ಚುನಾವಣಾ ವರದಿಯನ್ನು ಓದುಗ ಹೇಗೆ ನಂಬಬೇಕು? ಈ ವಿಷಯದಲ್ಲಿ ನಾವು ಅವರ ಪರ ವಾದಿಸಲಾರೆವು.

ಕೋಮುವಾದದ ವಿರುದ್ಧ ಅವರು ಬರೆದುದನ್ನು ನಮ್ಮವರು ಇಂದಿಗೂ ಸಂತೋಷದಿಂದ ನೆನೆಯುತ್ತಾರೆ. ಆದರೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದೂ ಅದೇ ಪತ್ರಿಕೆಯಲ್ಲಿ. ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕಥೆ ಅದು. ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟೆವು. ಮಸೀದಿಯಲ್ಲಿ ಮಹಿಳೆಯರ ಪ್ರವೇಶದ ಹಕ್ಕನ್ನು ಎತ್ತಿಹಿಡಿದುದಕ್ಕಾಗಿ 2000ದಲ್ಲಿ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದವರು ಮಾತ್ರ ಹೊರಗಿನವರಲ್ಲ.

ನಮ್ಮನ್ನು ಸಮರ್ಥಿಸಿದ ಪುಟಗಳು ನಿಷ್ಪಕ್ಷಪಾತವೂ, ನಮ್ಮ ಮನೆಯ ಹೆಣ್ಣುಮಕ್ಕಳು ಬರೆದ ಪುಟಗಳು ಪಿತೂರಿಯೂ ಆಗುವುದು ಯಾವ ನ್ಯಾಯ? ಸ್ವತಃ ನಮಗೆ, ತಂದೆತಾಯಿಗಳಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಅನ್ನಿಸಾ ಅಧ್ಯಾಯದ 135ನೆಯ ಸೂಕ್ತ ಆದೇಶಿಸುತ್ತದೆ. ಅದು ಪತ್ರಕರ್ತನಿಗೆ ಮಾತ್ರ ಹೇಳಿದ ಮಾತಲ್ಲ.

ನಾಳೆ ತಾಲ್ಲೂಕಿನ ವರದಿಗಾರನೊಬ್ಬ ನಮ್ಮ ಮಸೀದಿ ಸಮಿತಿಯ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಕೇಳುತ್ತ ಬಂದರೆ, ಆತನಿಗೆ ಕುರ್ಚಿ ಹಾಕಿ ಪುಸ್ತಕ ತೋರಿಸುವೆವೋ, ಆತ ಯಾವ ಪಕ್ಷದವನೆಂದು ವಿಚಾರಿಸುವೆವೋ?